ರಕ್ತದ ಕಾಯಿಲೆ ಹೃದಯವನ್ನು ಮುಟ್ಟುವ ಬಗೆ

ದೊಡ್ಡ ಆಸ್ಪತ್ರೆಗಳಲ್ಲಿ ಹೃದಯಕ್ಕೊಂದು ವಿಭಾಗ, ರಕ್ತಕ್ಕೊಂದು ವಿಭಾಗ. ಚೀಟಿ ಬೇರೆ, ಸಾಲು ಬೇರೆ, ವೈದ್ಯರೂ ಬೇರೆ. ದೇಹದೊಳಗೆ ಈ ಗೋಡೆ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಂದವರ ತೊಂದರೆ ಹೃದಯದಲ್ಲಿದೆಯೋ ರಕ್ತದಲ್ಲಿದೆಯೋ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ರಕ್ತ ಕಡಿಮೆಯಾದರೆ ಹೃದಯ ಬಳಲುತ್ತದೆ. ಹೆಪ್ಪುಗಟ್ಟಬಾರದ ಕಡೆ ರಕ್ತ ಹೆಪ್ಪುಗಟ್ಟಿದರೆ ಹೃದಯದ ಸ್ನಾಯು ಸಾಯುತ್ತದೆ. ಹೃದಯಕ್ಕೆಂದು ನುಂಗುವ ಮಾತ್ರೆ ಹೊಟ್ಟೆಯಲ್ಲಿ ರಕ್ತ ಒಸರುವಂತೆ ಮಾಡಬಹುದು. ರಕ್ತದ ಕಾಯಿಲೆಗೆಂದು ಕೊಡುವ ಚಿಕಿತ್ಸೆ ಹೃದಯದ ಮೇಲೆ ಬೀಳಬಹುದು. ಒಂದರ ದೂರು ಬಂದಾಗ ಇನ್ನೊಂದನ್ನು ನೋಡದೆ ಬಿಡಬಾರದು. ಏಕೆ ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಕೊಂಚ ವಿವರವಾಗಿಯೇ ಹೇಳಬೇಕಾಗಿದೆ.

ಎಚ್‌ಬಿ ಏಳಕ್ಕೆ ಇಳಿದಾಗ

ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಸುಮ್ಮನೆ ಕುಳಿತಾಗಲೂ ಹೃದಯ ಹೆಚ್ಚುಕಡಿಮೆ ಅಷ್ಟನ್ನೂ ಒಂದೇ ನಿಮಿಷದಲ್ಲಿ ಒಂದು ಸುತ್ತು ತಿರುಗಿಸುತ್ತದೆ. ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರಬಲ್ಲದು. ಪರೀಕ್ಷಾ ವರದಿಯಲ್ಲಿ ಎಚ್‌ಬಿ 14 ಎಂದಿದ್ದರೆ ನೂರು ಮಿಲಿಲೀಟರ್ ರಕ್ತದಲ್ಲಿ 14 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದರ್ಥ. ಲೆಕ್ಕ ಹಾಕಿ ನೋಡಿದರೆ, ಅಂಥ ರಕ್ತ ನಿಮಿಷಕ್ಕೆ 900 ಮಿಲಿಲೀಟರಿಗೂ ಹೆಚ್ಚು ಆಮ್ಲಜನಕವನ್ನು ಮೈಗೆ ತಲುಪಿಸುತ್ತದೆ. ವಿಶ್ರಾಂತಿಯಲ್ಲಿರುವ ಮೈಗೆ ಬೇಕಾಗುವುದು 250 ಮಿಲಿಲೀಟರ್ ಅಷ್ಟೆ. ಎಚ್‌ಬಿ 7ಕ್ಕೆ ಇಳಿದರೂ ಕುಳಿತವರಿಗೆ ಸಾಲುವಷ್ಟು ಇದೆ. ಕೊರತೆ ಬೀಳುವುದು ಎದ್ದು ನಡೆದಾಗ, ಕೊಡ ಎತ್ತಿದಾಗ, ಏರು ಹತ್ತಿದಾಗ. ಎಷ್ಟೋ ಹೆಂಗಸರು ಎಚ್‌ಬಿ 7 ಇಟ್ಟುಕೊಂಡೇ ಮನೆಗೆಲಸ ಮಾಡಿಕೊಂಡಿರುತ್ತಾರೆ. ‘ಏನೂ ಇಲ್ಲ ಕಣ್ರೀ, ಸ್ವಲ್ಪ ಸುಸ್ತು’ ಎನ್ನುತ್ತಾರೆ. ರಕ್ತ ತಿಂಗಳುಗಟ್ಟಲೆ ನಿಧಾನವಾಗಿ ಇಳಿದಿರುವುದರಿಂದ ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಆ ಹೊಂದಾಣಿಕೆಯ ಬೆಲೆ ತೆರುವುದು ಹೃದಯ.

ಕಾಫಿ ತೋಟದಲ್ಲಿ ಮೂಟೆ ಹೊರುವ ಆಳುಗಳು ಅರ್ಧಕ್ಕೆ ಇಳಿದರೆ, ಉಳಿದವರು ಎರಡೆರಡು ಸಲ ಓಡಾಡಿ ಕೆಲಸ ಮುಗಿಸಬೇಕು. ಹಿಮೋಗ್ಲೋಬಿನ್ ಕಡಿಮೆಯಾದಾಗ ಹೃದಯ ಮಾಡುವುದೂ ಇದನ್ನೇ. ಬಡಿತ ಹೆಚ್ಚುತ್ತದೆ, ಪ್ರತಿ ಬಡಿತದಲ್ಲಿ ಹೊರಬೀಳುವ ರಕ್ತವೂ ಹೆಚ್ಚುತ್ತದೆ. ರಾತ್ರಿ ದಿಂಬಿಗೆ ಕಿವಿಯಿಟ್ಟು ಮಲಗಿದಾಗ ಬಡಿತ ಕೇಳಿಸುತ್ತದೆ ಎಂದು ಕೆಲವರು ಹೇಳುವುದುಂಟು. ಇತ್ತ ತೆಳುವಾದ ರಕ್ತಕ್ಕೆ ನಾಳಗಳು ಹಿಗ್ಗಿಕೊಳ್ಳುತ್ತವೆ, ಒತ್ತಡ ಇಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಾಯಿತೆಂದೇ ಮೂತ್ರಪಿಂಡ ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಾದ ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯದ ಕೋಣೆ ಹಿಗ್ಗಿ, ಗೋಡೆ ದಪ್ಪವಾಗಿ, ಕೊನೆಗೆ ಹೃದಯ ವೈಫಲ್ಯಕ್ಕೆ ಬಂದು ನಿಲ್ಲುತ್ತದೆ. ಈ ಹೃದಯದ ರಕ್ತನಾಳದಲ್ಲಿ ಅಡ್ಡಿಯೂ ಇಲ್ಲ, ಕವಾಟದಲ್ಲಿ ದೋಷವೂ ಇಲ್ಲ. ರಕ್ತ ಸರಿಹೋದರೆ ಇದು ಬಹುಪಾಲು ಚೇತರಿಸಿಕೊಳ್ಳುತ್ತದೆ. ಇಂಥದ್ದೊಂದು ಹೃದ್ರೋಗ ಕಬ್ಬಿಣಾಂಶದ ಮಾತ್ರೆಯಿಂದ ತಪ್ಪಬಹುದಾಗಿದ್ದರೂ ತಪ್ಪದೆ ಹೋದರೆ ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಹೃದಯಕ್ಕೇ ರಕ್ತ ಒಯ್ಯುವ ನಾಳವಾದ ಪರಿಧಮನಿಯಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡವರಿಗೆ ಅಪಾಯ ಇನ್ನೂ ಹತ್ತಿರ. ವಿಶ್ರಾಂತಿಯಲ್ಲಿರುವ ಕೈಕಾಲಿನ ಸ್ನಾಯುಗಳು ಹರಿದು ಬರುವ ಆಮ್ಲಜನಕದಲ್ಲಿ ಸ್ವಲ್ಪವನ್ನು ಮಾತ್ರ ಹೀರಿಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತವೆ. ಹೃದಯದ ಸ್ನಾಯುವಿನ ರೀತಿ ಬೇರೆ. ವಿಶ್ರಾಂತಿಯಲ್ಲೂ ಅದು ಸುಮಾರು ಶೇ 70ರಷ್ಟನ್ನು ಹೀರಿಬಿಟ್ಟಿರುತ್ತದೆ. ಇನ್ನಷ್ಟು ಬೇಕೆಂದರೆ ಇನ್ನಷ್ಟು ರಕ್ತವೇ ಹರಿದು ಬರಬೇಕು. ಜೊತೆಗೆ, ಹೃದಯಕ್ಕೆ ರಕ್ತ ಹೆಚ್ಚಾಗಿ ಸಿಗುವುದು ಅದು ಎರಡು ಬಡಿತಗಳ ನಡುವೆ ಸಡಿಲಗೊಂಡ ಹೊತ್ತಿನಲ್ಲಿ. ಬಡಿತ ವೇಗವಾದಂತೆ ಆ ಬಿಡುವು ಕಿರಿದಾಗುತ್ತದೆ. ಅಂದರೆ ರಕ್ತಹೀನತೆಯಲ್ಲಿ ಹೃದಯದ ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ನಾಳ ಪೂರ್ತಿ ಮುಚ್ಚದೆಯೂ ಎದೆನೋವು ಬರುವುದು, ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ಹೇಳುವ ಟ್ರೋಪೋನಿನ್ ರಕ್ತದಲ್ಲಿ ಏರುವುದು ಹೀಗೆ. ಎದೆನೋವಿಗೆ ಇಸಿಜಿ, ಎಕೋ ಮಾಡಿಸಿದವರು ಸಿಬಿಸಿ ಎಂಬ ಅಗ್ಗದ ರಕ್ತಪರೀಕ್ಷೆಯನ್ನು ಮರೆಯಬಾರದು ಎನ್ನುವುದು ಇದಕ್ಕೇ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ 48ರ ಆಸುಪಾಸು. ಗಂಡಸರಲ್ಲಿ ದೇಶದಾದ್ಯಂತ ನಾಲ್ವರಲ್ಲೊಬ್ಬರಿಗೆ. ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಬಸುರಿನಲ್ಲಿ ರಕ್ತದ ದ್ರವಭಾಗ ಶೇ 40–50ರಷ್ಟು ಹೆಚ್ಚುತ್ತದೆ. ಹೃದಯ ಸಹಜವಾಗಿಯೇ ಎಂದಿಗಿಂತ ಮೂರನೇ ಒಂದು ಪಾಲಿಗೂ ಮೀರಿದಷ್ಟು ಹೆಚ್ಚುವರಿ ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ ಎಚ್‌ಬಿ 7ಕ್ಕಿಂತ ಕಡಿಮೆಯಾದರೆ ಹೆರಿಗೆಯ ಹೊತ್ತು ಮತ್ತು ಹೆರಿಗೆಯಾದ ಕೂಡಲೇ ಬರುವ ಹೊತ್ತು ಹೃದಯಕ್ಕೆ ಅತಿ ಕಠಿಣ. ಗರ್ಭಕೋಶ ಕುಗ್ಗಿದಾಗ ಅಲ್ಲಿದ್ದ ರಕ್ತ ಒಮ್ಮೆಲೇ ಹೃದಯದ ಕಡೆ ನುಗ್ಗುತ್ತದೆ. ದಣಿದ ಹೃದಯ ಅದನ್ನು ತಾಳದೆ ಹೋಗಬಹುದು. ಇಂಥ ತಾಯಂದಿರಿಗೆ ರಕ್ತ ಕೊಡುವುದನ್ನೂ ನಿಧಾನವಾಗಿ, ಗಮನವಿಟ್ಟು ಮಾಡಬೇಕಾಗುತ್ತದೆ. ‘ಎರಡು ಬಾಟಲಿ ಬೇಗ ಏರಿಸಿಬಿಡಿ’ ಎಂದು ಮನೆಯವರು ಅವಸರ ಮಾಡಬಾರದು.

ಕಬ್ಬಿಣ ಹೋಗಿದ್ದು ಎಲ್ಲಿಗೆ?

ರಕ್ತಹೀನತೆ ಎಂಬುದು ಜ್ವರದಂತೆ ಒಂದು ಲಕ್ಷಣ, ಕಾರಣ ಬೇರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11. ಅದಕ್ಕಿಂತ ಕೆಳಗಿದ್ದರೆ ಸಿಬಿಸಿ ವರದಿಯ ಇನ್ನೆರಡು ಸಾಲು ಓದಿ. ಎಂಸಿವಿ ಎಂಬುದು ಕೆಂಪುಕಣದ ಗಾತ್ರ. ಅದು 80ಕ್ಕಿಂತ ಕಡಿಮೆಯಿದ್ದರೆ ಕಣ ಸಣ್ಣದಾಗಿದೆ, ಕಬ್ಬಿಣದ ಕೊರತೆಯೋ ಥಲಸ್ಸೇಮಿಯಾದ ಸುಳಿವೋ ಇರಬಹುದು. 100ಕ್ಕಿಂತ ಹೆಚ್ಚಿದ್ದರೆ ಬಿ12, ಫೋಲಿಕ್ ಆಮ್ಲದ ಕೊರತೆ, ಥೈರಾಯ್ಡ್, ಮದ್ಯಪಾನದ ಕಡೆ ನೋಡಬೇಕು. ಮಾಂಸ ತಿನ್ನದ, ಹಾಲನ್ನೂ ಕಡಿಮೆ ಕುಡಿಯುವ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಬಿ12 ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ, ಅದರಿಂದ ಹೃದಯಾಘಾತ ಎಂಬ ಮಾತು ಬಹಳ ಓಡಾಡುತ್ತಿದೆ. ದೊಡ್ಡ ಪ್ರಯೋಗಗಳಲ್ಲಿ ವಿಟಮಿನ್ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಬಿ12 ಬೇಕಿರುವುದು ರಕ್ತಕ್ಕೆ, ನರಗಳಿಗೆ. ಕೊರತೆ ಇದ್ದವರು ಅದಕ್ಕಾಗಿ ತೆಗೆದುಕೊಳ್ಳಲಿ.

ಕಬ್ಬಿಣದ ಕೊರತೆ ಎಂದು ಖಚಿತವಾದರೆ ಮುಂದಿನ ಪ್ರಶ್ನೆ ಅದು ಹೋಗಿದ್ದೆಲ್ಲಿಗೆ ಎಂಬುದು. ಮುಟ್ಟಾಗುವ ವಯಸ್ಸಿನವರಲ್ಲಿ ಅತಿಸ್ರಾವ ಮೊದಲ ಶಂಕಿತ. ಕೊಕ್ಕೆಹುಳು ಇನ್ನೂ ನಮ್ಮ ಹಳ್ಳಿಗಳನ್ನು ಬಿಟ್ಟುಹೋಗಿಲ್ಲ. ಆದರೆ ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ ಮತ್ತು ಕರುಳಿನಿಂದ ರಕ್ತ ಹೋಗುತ್ತಿದೆಯೇ ಎಂದು ಹುಡುಕಲೇಬೇಕು. ಹುಣ್ಣು, ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಎಲ್ಲವೂ ಮೊದಲು ಹೀಗೆಯೇ ತೋರಿಸಿಕೊಳ್ಳಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಹಿರಿಯರಲ್ಲಿ ಆ ಮಾತ್ರೆಯೇ ಜಠರದಿಂದ ರಕ್ತ ಒಸರುವಂತೆ ಮಾಡಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಬಂದರೆ ತಡಮಾಡಬಾರದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಗೊಂದಲವಿದ್ದರೆ ವೈದ್ಯರಿಗೆ ಎರಡನ್ನೂ ಹೇಳಿ.

ಮಾತ್ರೆ ನುಂಗುವ ರೀತಿಯಲ್ಲೇ ಅರ್ಧ ಫಲ ಇದೆ. ಕಾಫಿ, ಟೀ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೆ. ಬೆಳಗಿನ ಕಾಫಿಯ ಜೊತೆಗೇ ಮಾತ್ರೆ ನುಂಗಿ ಆರು ತಿಂಗಳಾದರೂ ಎಚ್‌ಬಿ ಏರಲಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಒಂದೆರಡು ಗಂಟೆ ಅಂತರವಿರಲಿ, ನಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು. ರಾಗಿ, ಹುರುಳಿ, ಸೊಪ್ಪು ಎಲ್ಲವೂ ಒಳ್ಳೆಯ ಆಹಾರವೇ. ಆದರೆ ಕಾಳು ಧಾನ್ಯಗಳಲ್ಲಿರುವ ಫೈಟೇಟ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಮೊಳಕೆ ಬರಿಸುವುದು, ಹುದುಗು ಬರಿಸುವುದು, ಮೇಲೆ ನಿಂಬೆಹಣ್ಣು ಹಿಂಡುವುದು ಅದನ್ನು ಸ್ವಲ್ಪ ಬಿಡಿಸುತ್ತವೆ. ಎಚ್‌ಬಿ 8ಕ್ಕೆ ಇಳಿದವರನ್ನು ಬೀಟ್‌ರೂಟ್ ರಸ, ದಾಳಿಂಬೆಯಿಂದ ಮಾತ್ರ ಎತ್ತಲಾಗದು. ಎಚ್‌ಬಿ ಸರಿಹೋದ ಮೇಲೂ ಮೈಯ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಅರ್ಧಕ್ಕೇ ನಿಲ್ಲಿಸಿದವರು ಮುಂದಿನ ವರ್ಷ ಅದೇ ಸುಸ್ತಿನೊಂದಿಗೆ ಮರಳುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ಒಂದು ಮಾತು ನೆನಪಿಡಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಕೆಂಪುಕಣದ ಆಯುಸ್ಸನ್ನು, ಅಂದರೆ ಸುಮಾರು 120 ದಿನಗಳನ್ನು, ನಂಬಿ ನಿಂತಿದೆ. ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆ ತೋರಿಸಬಹುದು. ರಕ್ತಹೀನತೆ ಇದ್ದಾಗ ಈ ಒಂದೇ ಅಂಕಿ ನೋಡಿ ಮಾತ್ರೆ ಏರಿಸುವುದು ಇಳಿಸುವುದು ಬೇಡ.

ಈಗಾಗಲೇ ಹೃದಯ ವೈಫಲ್ಯ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಬ್ಬಿಣದ ಕೊರತೆ ಇರುತ್ತದೆ, ಎಚ್‌ಬಿ ಸರಿಯಿದ್ದಾಗಲೂ. ಸ್ನಾಯುವಿನ ಕೋಶಗಳಿಗೂ ಶಕ್ತಿ ಉತ್ಪಾದಿಸಲು ಕಬ್ಬಿಣ ಬೇಕು. 2009ರಲ್ಲಿ ಪ್ರಕಟವಾದ ಫೇರ್-ಎಚ್‌ಎಫ್ ಎಂಬ ಪ್ರಯೋಗದಲ್ಲಿ ಇಂಥವರಿಗೆ ಅಭಿಧಮನಿಯ ಮೂಲಕ ಕಬ್ಬಿಣ ಕೊಟ್ಟಾಗ ಸುಸ್ತು ಕಡಿಮೆಯಾಯಿತು, ನಡೆಯುವ ಶಕ್ತಿ ಹೆಚ್ಚಿತು. ಬಾಯಿ ಮೂಲಕ ಕೊಟ್ಟ ಮಾತ್ರೆಗೆ 2017ರ ಇನ್ನೊಂದು ಪ್ರಯೋಗದಲ್ಲಿ ಅಂಥ ಫಲ ಕಾಣಲಿಲ್ಲ. ಹೃದಯದ ಪಂಪಿಂಗ್ ಕಡಿಮೆ ಎಂದು ಚಿಕಿತ್ಸೆಯಲ್ಲಿರುವವರು ಮೈಯ ಕಬ್ಬಿಣವನ್ನು ಅಳೆಯುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ಕೇಳದಿದ್ದರೆ ಎಷ್ಟೋ ಕಡೆ ಅದು ಬಿಟ್ಟೇಹೋಗುತ್ತದೆ.

ಗಾಯ ಮುಚ್ಚುವ ಶಕ್ತಿಯೇ ಅಡ್ಡಿಯಾದಾಗ

ಬೆರಳು ಕುಯ್ದುಕೊಂಡರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಪ್ಲೇಟ್‌ಲೆಟ್‌ಗಳು ಹರಿದ ನಾಳದ ಅಂಚಿಗೆ ಅಂಟಿ ಗುಂಪುಗೂಡುತ್ತವೆ, ಫೈಬ್ರಿನ್ ಎಂಬ ನಾರು ಅವುಗಳ ಮೇಲೆ ಹೆಣೆದುಕೊಳ್ಳುತ್ತದೆ. ಈ ಶಕ್ತಿ ಇಲ್ಲದಿದ್ದರೆ ಬದುಕೇ ಇಲ್ಲ. ಹಿಮೋಫಿಲಿಯಾ ಇರುವ ಮಕ್ಕಳ ತಾಯಂದಿರಿಗೆ ಅದರ ಬೆಲೆ ಗೊತ್ತು. ಇದೇ ಶಕ್ತಿ ಹೃದಯದ ಪರಿಧಮನಿಯೊಳಗೆ ಕೆಲಸಕ್ಕೆ ಇಳಿದಾಗ ಆಗುವುದೇ ಹೃದಯಾಘಾತ.

ಅದಕ್ಕೆ ವೇದಿಕೆ ಸಿದ್ಧವಾಗಲು ದಶಕಗಳು ಬೇಕು. ಬಿ.ಪಿ., ಸಕ್ಕರೆ, ತಂಬಾಕು ಸೇರಿ ನಾಳದ ಒಳಪದರವನ್ನು ಕೆಡಿಸುತ್ತವೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಆ ಪದರದ ಅಡಿಗೆ ನುಸುಳಿ ಕೆಡುತ್ತದೆ. ಅದನ್ನು ತಿಂದುಹಾಕಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ಹೀಗೆ ಬೆಳೆದ ಗಡ್ಡೆಯ ಮೇಲೆ ತೆಳುವಾದ ಒಂದು ಹೊದಿಕೆ ಇರುತ್ತದೆ. ಎಲ್ಲ ನಿಂತಿರುವುದು ಆ ಹೊದಿಕೆಯ ಮೇಲೆ. ಅದು ಬಿರಿದರೆ ಒಳಗಿನ ಕೊಬ್ಬು ರಕ್ತಕ್ಕೆ ತೆರೆದುಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳಿಗೆ ಅದು ಗಾಯದಂತೆಯೇ ಕಾಣುತ್ತದೆ. ಅವು ಬಂದು ಅಂಟುತ್ತವೆ. ನಿಮಿಷಗಳಲ್ಲಿ ನಾಳ ಮುಚ್ಚಿಹೋಗಬಹುದು.

ಬಿರಿಯುವ ಗಡ್ಡೆ ದೊಡ್ಡದೇ ಆಗಿರಬೇಕಿಲ್ಲ. ನಾಳವನ್ನು ಅರ್ಧದಷ್ಟೂ ಮುಚ್ಚಿರದ ಗಡ್ಡೆಯೂ ಬಿರಿಯಬಹುದು. ‘ಹೋದ ತಿಂಗಳು ತಾನೇ ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಬಂದಿತ್ತು, ಹೇಗೆ ಹೋಗಿಬಿಟ್ಟರು?’ ಎಂಬ ಮನೆಯವರ ಅಳಲಿಗೆ ಉತ್ತರ ಇಲ್ಲಿದೆ. ಆ ಪರೀಕ್ಷೆ ಹಿಡಿಯುವುದು ನಾಳ ಬಹಳ ಕಿರಿದಾಗಿದ್ದರೆ. ಬಿರಿಯಲು ಕಾದಿರುವ ಸಣ್ಣ ಗಡ್ಡೆಯನ್ನು ಅದು ತೋರಿಸುವುದಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53, ಇತರರಿಗಿಂತ ಐದಾರು ವರ್ಷ ಮೊದಲು. ನಮ್ಮವರು ನಾಳದ ಅಡ್ಡಿ ಎಷ್ಟು ಎಂಬ ಶೇಕಡಾ ಲೆಕ್ಕಕ್ಕಿಂತ ಬಿ.ಪಿ., ಸಕ್ಕರೆ, ಎಲ್‌ಡಿಎಲ್, ಬೀಡಿ ಸಿಗರೇಟಿನ ಮೇಲೆ ಹೆಚ್ಚು ಗಮನ ಇಡಬೇಕು. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸುವುದರ ಜೊತೆಗೆ ಆ ಹೊದಿಕೆಯನ್ನೂ ಗಟ್ಟಿಮಾಡುತ್ತದೆ. ಕೊಲೆಸ್ಟ್ರಾಲ್ ನಾರ್ಮಲ್ ಬಂತು ಎಂದು ಅದನ್ನು ನಿಲ್ಲಿಸುವುದು ಅವಿವೇಕ.

ನಾಳ ಮುಚ್ಚಿದ ಮೇಲೆ ಲೆಕ್ಕವೆಲ್ಲ ಸಮಯದ್ದು. ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ನೋವು, ದವಡೆಗೋ ಎಡಗೈಗೋ ಬೆನ್ನಿಗೋ ಹಬ್ಬುವುದು, ತಣ್ಣನೆ ಬೆವರು, ವಾಂತಿ ಬರುವಂತಾಗುವುದು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು ಬರಬಹುದು. ನಮ್ಮಲ್ಲಿ ಇದಕ್ಕೆ ಮೊದಲು ಬೀಳುವ ಹೆಸರು ಗ್ಯಾಸ್ಟ್ರಿಕ್. ಸೋಡಾ ಕುಡಿದು, ಓಮಿನ ಕಷಾಯ ಕುಡಿದು, ಬೆಳಗಾಗಲಿ ಎಂದು ಕಾಯುವುದರಲ್ಲಿ ಎಷ್ಟೋ ಜೀವಗಳು ಹೋಗಿವೆ. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂದು ಇಸಿಜಿ ನೋಡದೆ ಯಾರೂ ಹೇಳಲಾರರು. 108ಕ್ಕೆ ಕರೆಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಸರಿಯಾದ ದಾರಿ. ಬೈಕ್ ಓಡಿಸಿಕೊಂಡು ಹೋಗಬೇಡಿ.

ತಾಲ್ಲೂಕು ಆಸ್ಪತ್ರೆ ಎಂದದ್ದಕ್ಕೆ ಕಾರಣವಿದೆ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಈ ಮದ್ದು ಫೈಬ್ರಿನ್ ನಾರು ಕತ್ತರಿಸಿಹೋಗುವಂತೆ ಮಾಡುತ್ತದೆ. ಹೆಪ್ಪು ಹಸಿಯಾಗಿರುವ ಮೊದಲ ಮೂರು ಗಂಟೆಯಲ್ಲಿ ಇದರ ಫಲ ಅತಿ ಹೆಚ್ಚು, ಹನ್ನೆರಡು ಗಂಟೆ ಕಳೆದ ಮೇಲೆ ಬಹುತೇಕ ಇಲ್ಲ. ಮೂರು ಗಂಟೆ ಪ್ರಯಾಣ ಮಾಡಿ ಬೆಂಗಳೂರು ಮುಟ್ಟುವುದಕ್ಕಿಂತ ಅರ್ಧ ಗಂಟೆಯಲ್ಲಿ ಚುಚ್ಚುಮದ್ದು ಪಡೆದು ಆಮೇಲೆ ಆಂಜಿಯೋಗ್ರಾಂಗೆ ಹೊರಡುವುದು ಒಳ್ಳೆಯದು.

ಆಸ್ಪಿರಿನ್ ಕೆಲಸ ಮಾಡುವುದು ಪ್ಲೇಟ್‌ಲೆಟ್ ಮೇಲೆ. ಅದು ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ತನ್ನ ಏಳರಿಂದ ಹತ್ತು ದಿನದ ಆಯುಸ್ಸು ಮುಗಿಯುವವರೆಗೂ ಸರಿಯಾಗಿ ಗುಂಪುಗೂಡಲಾರದು. 17 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ ಈ ಅಗ್ಗದ ಮಾತ್ರೆ ಸಾವನ್ನು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತಗ್ಗಿಸಿತು. ಹೃದಯಾಘಾತದ ಶಂಕೆಯಿದ್ದಾಗ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ ವೈದ್ಯರು 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಜಗಿಯಲು ಹೇಳುತ್ತಾರೆ. ನಾಲಿಗೆಯಡಿಗೆ ನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಡುವುದು ಮಾತ್ರ ಬೇರೆ ವಿಷಯ. ಬಿ.ಪಿ. ಇಳಿದಿರುವವರಿಗೆ, ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಂಡಿರುವವರಿಗೆ ಅದು ಅಪಾಯ ತರಬಹುದು. ನೆರೆಮನೆಯವರ ಡಬ್ಬಿಯಿಂದ ತಂದು ಕೊಡಬೇಡಿ. ಹೃದಯದ ಕಾಯಿಲೆಯೇ ಇಲ್ಲದ ಹಿರಿಯರು ಮುಂಜಾಗ್ರತೆಗೆಂದು ದಿನವೂ ಆಸ್ಪಿರಿನ್ ನುಂಗುವುದರಿಂದ ಲಾಭವಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚುತ್ತದೆ ಎಂದು 2018ರ ಆಸ್ಪ್ರೀ ಪ್ರಯೋಗ ತೋರಿಸಿತು.

ರಕ್ತ ತೆಳು ಮಾಡುವ ಮಾತ್ರೆ ಎರಡು ಬಗೆ

ಜನ ಎಲ್ಲವನ್ನೂ ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತಾರೆ. ವಾಸ್ತವವಾಗಿ ಇವು ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟುವ ಒಂದೊಂದು ಹಂತವನ್ನು ತಡೆಯುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಪ್ಲೇಟ್‌ಲೆಟ್ ಅಂಟುವುದನ್ನು ತಡೆಯುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇವು. ವಾರ್ಫರಿನ್, ಅಸಿಟ್ರಾಮ್ ಮತ್ತು ಹೊಸದಾಗಿ ಬಂದ ಅಪಿಕ್ಸಬಾನ್‌ನಂಥವು ಫೈಬ್ರಿನ್ ನಾರು ಹೆಣೆಯುವುದನ್ನು ತಡೆಯುತ್ತವೆ. ಹೃದಯದ ಲಯ ತಪ್ಪಿದವರಿಗೆ, ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದವರಿಗೆ ಇವು ಬೇಕು. ಲೋಹದ ಕವಾಟ ಹಾಕಿಸಿಕೊಂಡವರಿಗೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರ. ಹೊಸ ಮಾತ್ರೆಗಳು ಅವರಿಗೆ ಆಗುವುದಿಲ್ಲ.

ವಾರ್ಫರಿನ್, ಅಸಿಟ್ರಾಮ್ ತೆಗೆದುಕೊಳ್ಳುವವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ತಪ್ಪಿಸಬಾರದು. ಈ ಮಾತ್ರೆಗಳು ವಿಟಮಿನ್ ಕೆಯನ್ನು ತಡೆದು ಕೆಲಸ ಮಾಡುತ್ತವೆ, ಸೊಪ್ಪಿನಲ್ಲಿ ಆ ವಿಟಮಿನ್ ಧಾರಾಳವಾಗಿದೆ. ಅದಕ್ಕಾಗಿ ಸೊಪ್ಪು ಬಿಡಬೇಕಿಲ್ಲ. ವಾರವಿಡೀ ಸುಮಾರು ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು, ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಒಂದು ವಾರ ದಿನವೂ ಸೊಪ್ಪಿನ ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಾವೇ ತರುವ ನೋವಿನ ಮಾತ್ರೆ, ಕೆಲವು ಆಂಟಿಬಯಾಟಿಕ್, ಏನಿದೆಯೆಂದು ಹೇಳದ ಪುಡಿಗಳು ಇದಕ್ಕಿಂತ ದೊಡ್ಡ ಅಪಾಯ.

ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಲು ಹೋಗುವ ಮುಂಚೆ ತಾವೇ ಮಾತ್ರೆ ನಿಲ್ಲಿಸುವುದುಂಟು. ಮಾತ್ರೆ ನಿಂತರೆ ಸ್ಟೆಂಟ್‌ನ ಲೋಹದ ಬಲೆಯ ಮೇಲೆ ಹೆಪ್ಪುಗಟ್ಟಬಹುದು, ಅದು ಮಾರಕ. ಸಾಮಾನ್ಯ ಹಲ್ಲು ಕೀಳುವುದಕ್ಕೆ ನಿಲ್ಲಿಸುವ ಅಗತ್ಯವೇ ಬಹಳ ಸಲ ಇರುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಬಂದಾಗ ಇನ್ನೊಂದು ಇಕ್ಕಟ್ಟು. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ಕೆಲವೇ ದಿನಗಳಲ್ಲಿ ಐವತ್ತು ಸಾವಿರಕ್ಕಿಂತ ಕೆಳಗೆ ಇಳಿಯಬಹುದು. ಆಸ್ಪಿರಿನ್ ಮುಂದುವರಿಸಿದರೆ ರಕ್ತಸ್ರಾವದ ಭಯ, ನಿಲ್ಲಿಸಿದರೆ ಸ್ಟೆಂಟ್ ಮುಚ್ಚುವ ಭಯ. ಸ್ಟೆಂಟ್ ಹಾಕಿ ಎಷ್ಟು ಕಾಲವಾಯಿತು, ಪ್ಲೇಟ್‌ಲೆಟ್ ಎಷ್ಟಿದೆ ಎಂಬ ಎರಡರ ಮೇಲೆ ಹೃದ್ರೋಗ ತಜ್ಞರೇ ತೀರ್ಮಾನಿಸಬೇಕು. ಜ್ವರ ಬಂದ ಮೊದಲ ದಿನವೇ ಸ್ಟೆಂಟ್ ಇದೆ ಎಂದು ಹೇಳಿ, ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ನುಂಗಬೇಡಿ.

ಎಚ್‌ಬಿ ಹೆಚ್ಚಿದ್ದರೆ ಒಳ್ಳೆಯದೇ ಎಂಬ ನಂಬಿಕೆಯೂ ಸರಿಯಲ್ಲ, ರಕ್ತ ದಪ್ಪಗಾದರೂ ಹೆಪ್ಪುಗಟ್ಟುತ್ತದೆ. ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದರೆ ಕಾರಣ ಹುಡುಕಬೇಕು. ಹೆಚ್ಚಿನವರಲ್ಲಿ ಅದು ಸಿಗರೇಟು, ಶ್ವಾಸಕೋಶದ ಕಾಯಿಲೆ, ಗೊರಕೆಯೊಂದಿಗೆ ಉಸಿರು ನಿಲ್ಲುವ ತೊಂದರೆಯಿಂದ. ಕೆಲವರಲ್ಲಿ ಪಾಲಿಸೈಥೀಮಿಯಾ ವೆರಾ ಎಂಬ ಅಸ್ಥಿಮಜ್ಜೆಯ ಕಾಯಿಲೆ. ಬಿಸಿನೀರ ಸ್ನಾನವಾದ ಮೇಲೆ ಮೈಯೆಲ್ಲ ನವೆ, ಮುಖ ಕೆಂಪೇರುವುದು, ಅಂಗಾಲು ಉರಿ ಇದರ ಗುರುತು. ದಪ್ಪಗಾದ ರಕ್ತ ನಿಧಾನವಾಗಿ ಹರಿದು ಹೃದಯ, ಮಿದುಳು, ಯಕೃತ್ತಿನ ನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಇದಕ್ಕೆ ಕಾರಣವೆಂದು 2005ರಲ್ಲಿ ಗುರುತಿಸಿದ ಜೆಎಕೆ2 ಎಂಬ ವಂಶವಾಹಿ ಬದಲಾವಣೆಯನ್ನು ರಕ್ತಪರೀಕ್ಷೆಯಲ್ಲೇ ಪತ್ತೆಹಚ್ಚಬಹುದು. ಆಗಾಗ ರಕ್ತ ತೆಗೆದು ಹೆಮಟೋಕ್ರಿಟ್ ಅನ್ನು, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲನ್ನು, ಶೇ 45ಕ್ಕಿಂತ ಕೆಳಗಿಡುವುದು ಮುಖ್ಯ ಚಿಕಿತ್ಸೆ.

ಹುಟ್ಟಿನಿಂದ ಬಂದ ಎರಡು ಕಾಯಿಲೆ

ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ, ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ತಾಗಿಕೊಂಡಿರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಇದು ಇದೆ. ಹಿಮೋಗ್ಲೋಬಿನ್‌ನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ ಆಮ್ಲಜನಕ ಕಡಿಮೆಯಾದಾಗ ಕೆಂಪುಕಣ ಬಾಗಿ ಗಡುಸಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೂಳೆ ಕೀಲುಗಳ ತಡೆಯಲಾಗದ ನೋವನ್ನು ಎಲ್ಲರೂ ನೋಡುತ್ತಾರೆ. ಹೃದಯಕ್ಕೆ ಆಗುವ ಹಾನಿ ಕಾಣುವುದಿಲ್ಲ. ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್, ನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರುತ್ತದೆ, ಹೃದಯದ ಬಲಭಾಗ ಅದರ ವಿರುದ್ಧ ದುಡಿದು ಸೋಲುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ, ತಪಾಸಣೆ ಉಚಿತ. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ದಾಳಿಗಳನ್ನು ಗಣನೀಯವಾಗಿ ತಗ್ಗಿಸುತ್ತದೆ.

ಎರಡನೆಯದು, ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ. ಅದರ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಜೀವ ಉಳಿಸುವ ಆ ರಕ್ತದ ಒಂದೊಂದು ಚೀಲದಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮೈ ದಿನಕ್ಕೆ ಹೊರಹಾಕಬಲ್ಲದ್ದು ಒಂದೆರಡು ಮಿಲಿಗ್ರಾಂ. ಮಿಕ್ಕದ್ದು ಯಕೃತ್ತಿನಲ್ಲಿ, ಗ್ರಂಥಿಗಳಲ್ಲಿ, ಹೃದಯದ ಸ್ನಾಯುವಿನಲ್ಲಿ ಕೂರುತ್ತದೆ. ಕಬ್ಬಿಣದ ಕೊರತೆಯಿಂದ ಒಂದು ಹೃದಯ ದಣಿದರೆ ಕಬ್ಬಿಣದ ರಾಶಿಯಿಂದ ಇನ್ನೊಂದು ಹೃದಯ ಸೋಲುತ್ತದೆ. ಈ ಮಕ್ಕಳು ಬೆಳೆದ ಮೇಲೆ ಅವರ ಸಾವಿಗೆ ಮುಖ್ಯ ಕಾರಣವಾಗಿ ಬಂದದ್ದು ರಕ್ತಹೀನತೆಗಿಂತ ಹೃದಯವೇ. ಕಬ್ಬಿಣ ತೆಗೆಯುವ ಡೆಫೆರಾಸಿರಾಕ್ಸ್‌ನಂಥ ಮಾತ್ರೆಯನ್ನು ರಕ್ತ ಏರಿಸುವಷ್ಟೇ ನಿಷ್ಠೆಯಿಂದ ಕೊಡಬೇಕು. ಎಕೋ ನಾರ್ಮಲ್ ಇದ್ದರೂ ಹೃದಯದಲ್ಲಿ ಕಬ್ಬಿಣ ಕೂತಿರಬಹುದು, ಅದನ್ನು ಅಳೆಯಲು ಟಿ2-ಸ್ಟಾರ್ ಎಂಬ ವಿಶೇಷ ಎಂಆರ್‌ಐ ಬೇಕು.

ಈ ಎರಡೂ ಕಾಯಿಲೆಗಳಲ್ಲಿ ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ದೋಷದ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ, ತಾವು ವಾಹಕರೆಂದು ಬಹಳ ಸಲ ಅವರಿಗೇ ತಿಳಿದಿರುವುದಿಲ್ಲ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಮದುವೆ ಮಾತುಕತೆಯ ಹೊತ್ತಿಗೆ, ಅದು ತಪ್ಪಿದರೆ ಬಸುರಿನ ಮೊದಲ ತಿಂಗಳುಗಳಲ್ಲಿ, ಒಮ್ಮೆ ಸಿಬಿಸಿಯ ಜೊತೆಗೆ ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಜನ್ಮದಲ್ಲಿ ಒಮ್ಮೆ ಮಾಡಿಸಿದರೆ ಸಾಕಾಗುವ ಪರೀಕ್ಷೆ ಇದು. ಜಾತಕ ನೋಡುವ ಮನೆಗಳು ಈ ವರದಿಯನ್ನೂ ಕೇಳುವಂತಾಗಬೇಕು.